ಸೀಡಿಗೆ ಹಚ್ಚಿದ ಕುಂಕುಮ

ಕಂಪ್ಯೂಟರ್ ಗರಗರ ಎಂದು ನರಳಿ ಸುಮ್ಮನಾಯಿತು. ಯಲ್ಲಕ್ಕ ಕೂತಲ್ಲೇ ಮುಂದಕ್ಕೆ ಬಾಗಿದಳು. ಕುರಿ ಕಾಯುತ್ತ ಹಾಡುತ್ತಿದ್ದ ಮಾವ, ಗಂಡನ ಅಪ್ಪ ಚಿತ್ತಪ್ಪ, ತೀರಿಕೊಂಡ ಮೇಲೆ ಅವರ ದನಿ ಉಳಿದಿದ್ದು ಆ ಒಂದೇ ಸೀಡಿಯಲ್ಲಿ. ಪೆನ್‌ಡ್ರೈವಿಗೆ ಇಳಿಸಿಕೊಳ್ಳೋಣವೆಂದು ಅದನ್ನು ಹೊಸದುರ್ಗದ ಅಂಗಡಿಗೆ ತಂದಿದ್ದಳು.

“ಹಳೇ ಕಂಪ್ಯೂಟರು, ಅದಕ್ಕೇ ನಿಧಾನ ಅಂದ್ಕಂಡಿದ್ದೆ. ತಪ್ಪು ಅದ್ರದ್ದಲ್ಲ,” ಎನ್ನುತ್ತ ಅಂಗಡಿಯ ಮೀನಾಕ್ಷಿ ಸೀಡಿಯನ್ನು ಹೊರತೆಗೆದು ಬೆಳಕಿಗೆ ಹಿಡಿದಳು. “ಹೊಳೆಯೋ ಕಡೆ ಇದೇನಕ್ಕ, ಕೆಂಪಗೆ?”

ಯಲ್ಲಕ್ಕ ಬಗ್ಗಿ ನೋಡಿದಳು. “ಕುಂಕುಮ ಕಣವ್ವ. ಮಾವ ಅದ್ರೊಳಗೆ ಅವ್ರೆ ಅಂತ ಅಮಾಸೆ ಅಮಾಸೆಗೆ ಪೂಜೆ ಮಾಡ್ತಿದ್ದೆ.”

ಮೀನಾಕ್ಷಿ ಒದ್ದೆ ಬಟ್ಟೆ ಕೈಗೆತ್ತಿಕೊಂಡಳು. “ಬ್ಯಾಡ ಬಿಡವ್ವ, ಒರೆಸಿದ್ರೆ ಹಾಡೂ ಹೋಗ್ತೈತೇನೋ,” ಎಂದಳು ಯಲ್ಲಕ್ಕ. ಮೀನಾಕ್ಷಿ ಆಗಲೇ ನಡುವಿನಿಂದ ಅಂಚಿಗೆ ಮೆಲ್ಲಗೆ ಒರೆಸತೊಡಗಿದ್ದಳು. ಬಟ್ಟೆ ಕೆಂಪಾದಷ್ಟೂ ಮಾವನನ್ನು ತಾನೇ ಇನ್ನೊಮ್ಮೆ ಮಣ್ಣು ಮಾಡುತ್ತಿದ್ದೇನೆ ಅನಿಸಿ, ಯಲ್ಲಕ್ಕ ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು.

ಸೀಡಿ ಮತ್ತೆ ಒಳಗೆ ಹೋಯಿತು. ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, ಹಾಡು ಎತ್ತುವ ಮುಂಚೆ ಎಂದಿನಂತೆ, ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಯಲ್ಲಕ್ಕ ದಡಕ್ಕನೆ ಕುರ್ಚಿ ಬಿಟ್ಟೆದ್ದು, ತಲೆ ಮೇಲೆ ಸೆರಗೆಳೆದುಕೊಂಡು, ಗೋಡೆಗೆ ಸರಿದು ನಿಂತಳು.