ಬೆನ್ನ ಮೇಲಿನ ಹೆಸರು

ಫುಟ್‌ಬಾಲ್ ಲೀಗ್ ಶುರುವಾಗುವ ಮೊದಲೇ ಯಾವ ತಂಡಕ್ಕೆ ಎಷ್ಟು ಜನ ಅಂತ ತಿಳಿಯಬೇಕಾದರೆ ಶೇಖರಣ್ಣನ ಅಂಗಡಿಗೇ ಹೋಗಬೇಕು. ಊರಿನ ಅಭಿಮಾನಿಗಳೆಲ್ಲ ಜೆರ್ಸಿಗೆ ಹೆಸರು ಹಾಕಿಸುವುದು ಅಲ್ಲೇ.

“ಹೇಳಣ್ಣ, ಕೆಂಪು ಎಷ್ಟು, ನೀಲಿ ಎಷ್ಟು?” ಎಂದ ಡೊಮಿನಿಕ್. ಅವನದು ಕೆಂಪು ತಂಡ. ಮುಂಗೈ ಮೇಲೆ ಅದರ ನಾಯಕ ರೋಶನ್‌ನ ಹೆಸರಿನ ಹಚ್ಚೆ ಬೇರೆ.

“ಕೆಂಪು ಮುನ್ನೂರಾಯ್ತು. ನೀಲಿ ಅದರ ಅರ್ಧವೂ ಇಲ್ಲ.”

“ಹೇಗಿರುತ್ತೆ? ರೋಶನ್ ಇರೋದು ನಮ್ಮ ಕಡೆ!” ಡೊಮಿನಿಕ್ ಎದೆಯುಬ್ಬಿಸಿದ. “ನೀಲಿಯವರು ಎಷ್ಟು ಸಲ ಕರೆದ್ರೂ ಹೋಗಲಿಲ್ಲ. ಮೊನ್ನೆ ನನ್ನ ಈ ಹಚ್ಚೆ ಮುಟ್ಟಿ, ಸಾಯೋವರೆಗೂ ಕೆಂಪೇ ಅಂತ ಆಣೆ ಮಾಡಿದ. ಅಂದಹಾಗೆ, ಪ್ರತಿವರ್ಷದ ಹಾಗೆ ಅವರಮ್ಮನಿಗೆ ಜೆರ್ಸಿ ಮಾಡಿಸೋಕೆ ಬಂದಿದ್ನಾ?”

ಶೇಖರಣ್ಣ ಮುಖ ತಗ್ಗಿಸಿದ. “ಬೆಳಿಗ್ಗೆ ಬಂದಿದ್ದ. ಯಾರಿಗೂ ತೋರಿಸಬೇಡಿ ಅಂದ.”

“ನನಗೂನಾ?” ಡೊಮಿನಿಕ್ ನಗುತ್ತಲೇ ಕೈ ಚಾಚಿ, ಮೇಜಿನ ಮೇಲಿದ್ದ ಪೊಟ್ಟಣ ಬಿಚ್ಚಿದ.

ಬೆನ್ನ ಮೇಲೆ ‘ರೋಶನ್ ಅಮ್ಮ’ ಎಂಬ ದಪ್ಪ ಬಿಳಿ ಅಕ್ಷರ. ಬಟ್ಟೆ ಮಾತ್ರ ಅಪ್ಪಟ ನೀಲಿ.