ಅಳಿಯನ ಸೊಂಟದ ಭಾರ

ಜುಲೈ ತಿಂಗಳ ಎರಡನೇ ವಾರ. ಅಲಾಸ್ಕದ ನುಶಗಾಕ್ ನದಿಯಲ್ಲಿ ಸಾಲ್ಮನ್ ಮೀನು ಬಲೆ ಹರಿಯುವಷ್ಟು ಬಂದಿತ್ತು. ನಸ್ತಾಸ್ಯ ಬೆಳಗಿನಿಂದ ದಂಡೆಯ ಹಲಗೆಯ ಮುಂದೆ ನಿಂತು, ಬಾಗಿದ ಚೂರಿಯಲ್ಲಿ ಮೀನು ಸೀಳುತ್ತಿದ್ದಳು. ತಲೆ ಬುಟ್ಟಿಗೆ, ಕರುಳು ನೀರಿಗೆ, ಎರಡು ಹೋಳಾದ ಮೈ ಒಣಗಲು ಗಳುವಿನ ಮೇಲಕ್ಕೆ. ಇನ್ನೂರು ಮೀನು ಇನ್ನೂ ದೋಣಿಯಲ್ಲೇ ಬಿದ್ದಿದ್ದವು. ಇವತ್ತು ನಾಳೆಯಲ್ಲಿ ಸೀಳಿ ಹರವದಿದ್ದರೆ ನೊಣ ಮೊಟ್ಟೆಯಿಡುತ್ತದೆ. ಆಮೇಲೆ ಚಳಿಗಾಲದಲ್ಲಿ ಮನೆಮಂದಿಯೆಲ್ಲ ಮಂಜು ತಿಂದುಕೊಂಡಿರಬೇಕು.

ದೋಣಿಯಿಂದ ಮೀನು ತಂದುಕೊಡುವುದು ಅಳಿಯ ಗಾರ್ತ್‌ನ ಕೆಲಸ. ಒಹಾಯೊ ಕಡೆಯವನು, ಹೊಸ ಅಳಿಯ. ಸೊಂಟದಲ್ಲಿ ಐದು ಗುಂಡಿನ ರಿವಾಲ್ವರ್ ತೂಗುತ್ತಿತ್ತು. ಅಲಾಸ್ಕದ ಕಾಡಿಗೆ ಹೋಗುವುದಾದರೆ ಇದಕ್ಕಿಂತ ಸಣ್ಣದು ಮುಟ್ಟಲೇಬೇಡ ಎಂದು ಅವನೂರಿನ ಅಂಗಡಿಯವನು ಹೇಳಿದ್ದನಂತೆ. ಅವನಾದರೂ ಯಾವ ಕಾಡು ಕಂಡಿದ್ದನೋ. ಹತ್ತಿರ ಹತ್ತಿರ ಎರಡು ಕಿಲೋ ತೂಕ. ಗಾರ್ತ್ ಬಗ್ಗಿದಾಗಲೆಲ್ಲ ಅದು ಪ್ಯಾಂಟನ್ನೂ ಕೆಳಗೆ ಎಳೆಯುತ್ತಿತ್ತು. ಅವನು ಮೀನಿನ ಲೋಳೆ ಹತ್ತಿದ ಕೈಯಲ್ಲೇ ಚರ್ಮದ ಪಟ್ಟಿ ಹಿಡಿದು ಪ್ಯಾಂಟು ಮೇಲಕ್ಕೆಳೆದುಕೊಳ್ಳುತ್ತಿದ್ದ. ಹೀಗೆ ಬೆಳಗಿನಿಂದ ನೂರು ಸಲವಾದರೂ ಆಗಿತ್ತು.

"ಅಳಿಯ ದೇವ್ರೇ, ನಿಮ್ಮ ಫಿರಂಗಿ ಬಿಚ್ಚಿ ಒಂದ್ಕಡೆ ಇಡಿ. ಬೆಳಗ್ಗಿಂದ ನಿಮ್ಮ ಹಿಂಬದಿ ನೋಡಿ ನೋಡಿ ನಂಗೆ ಊಟ ಸೇರದ ಹಾಗಾಗಿದೆ."

"ಅತ್ತೆ, ಇದು ಆನೆನೂ ಬೀಳ್ಸುತ್ತೆ, ಗೊತ್ತಾ?"

"ಆನೆ ಬಂದ್ರೆ ಹೇಳಿ ಕಳಿಸ್ತೀನಿ."

ಗಾರ್ತ್ ಅವಳ ಎದೆಯತ್ತ ಕೈ ತೋರಿಸಿದ. ರಬ್ಬರ್ ಏಪ್ರನ್ನಿನ ಮೇಲೆ, ಬಲೆಯ ಹುರಿಯಿಂದ ಹೊಲಿದ ಚೀಲದಲ್ಲಿ, ತೀರಿಹೋದ ಗಂಡನ ನಲವತ್ನಾಲ್ಕು ಕ್ಯಾಲಿಬರಿನ ಹಳೆ ರಿವಾಲ್ವರ್ ಅಡ್ಡಲಾಗಿ ಕೂತಿತ್ತು. "ನಿಮ್ಮದೇನು ಮಹಾ? ಸಣ್ಣದು. ತುಕ್ಕು ಬೇರೆ."

"ಸಣ್ಣದೇ ಕಣಪ್ಪ. ಆದ್ರೆ ಬಗ್ಗಿದ್ರೂ ಇಲ್ಲೇ ಇರುತ್ತೆ, ಬಿದ್ರೂ ಇಲ್ಲೇ ಇರುತ್ತೆ. ಕೂಗಿದ್ರೆ ಕೈಗೆ ಸಿಗುತ್ತೆ. ಇಷ್ಟರಮಟ್ಟಿಗೆ ನಿನ್ನ ಮಾವನಿಗಿಂತ ವಾಸಿ."

ಗಾರ್ತ್ ಸೋತು ಪಟ್ಟಿ ಬಿಚ್ಚಿ, ಮೀನು ಹರವಿದ ಗಳುವಿನ ಕಂಬದ ಮೊಳೆಗೆ ನೇತುಹಾಕಿದ. ಹೋದ ಮಾನ ಬಾಯಲ್ಲಾದರೂ ಬರಲಿ ಎಂದು, "ಬರ್ಲಿ ಕರಡಿ! ಒಂದೇ ಗುಂಡು. ಚರ್ಮ ಸುಲಿದು ನಿಮ್ಮ ಮಗಳ ಕಾಲಡಿ ಹಾಸ್ತೀನಿ" ಎಂದ.

ನಸ್ತಾಸ್ಯಳ ಚೂರಿ ನಿಂತಿತು. ಆ ದಂಡೆಯಲ್ಲಿ ಹಿರಿಯರು ಯಾರೂ ಕರಡಿಯ ಹೆಸರೆತ್ತುವುದಿಲ್ಲ, ದೊಡ್ಡಯ್ಯ ಎಂದೇ ಅನ್ನುತ್ತಾರೆ; ಅದರ ಮೇಲೆ ಜಂಬ ಕೊಚ್ಚುವುದಂತೂ ಇಲ್ಲವೇ ಇಲ್ಲ. "ಬಾಯಿ ಮುಚ್ಚು! ದೊಡ್ಡಯ್ಯನ ಕಿವಿ ನೆಲದಲ್ಲಿರುತ್ತೆ, ಎಲ್ಲಿದ್ರೂ ಕೇಳಿಸ್ಕೊಳ್ತಾನೆ. ಇನ್ನು ನೀನು ಹಾಸೋದೆಲ್ಲಿ ಬಂತು? ಪ್ರಾಣ ಉಳಿಸ್ಕೊಳ್ಳೋಕೆ ಹೊಡೆದ್ರೂ ಸುಲೀಬೇಕು. ಚರ್ಮ, ಬುರುಡೆ ಹೊತ್ಕೊಂಡ್ಹೋಗಿ ಸರ್ಕಾರಕ್ಕೆ ಒಪ್ಪಿಸಿ ಬರ್ಬೇಕು. ಎರಡು ದಿನ ಅದಕ್ಕೇ ಆಯ್ತು. ಅಲ್ಲೀವರೆಗೂ ಮೀನು ಸೀಳೋದು ಯಾರು, ನಿನ್ನ ಆನೆನಾ?"

ಗಾರ್ತ್ ನಗುತ್ತ ದೋಣಿಯಿಂದ ಮತ್ತೆರಡು ಮೀನು ತಂದ. ಅಷ್ಟರಲ್ಲಿ ಪೊದೆ ಅಲುಗಿ ಕರಡಿ ಹೊರಗೆ ಬಂತು. ಅವಸರವೇನೂ ಇಲ್ಲದೆ, ಬಾಡಿಗೆ ಕೇಳಲು ಬಂದ ಮನೆಯೊಡೆಯನ ಹಾಗೆ ನಡೆದು ಬಂದು ಕಂಬದ ಪಕ್ಕ ನಿಂತಿತು. ಗಾರ್ತ್‌ನಿಗೂ ಅದಕ್ಕೂ ನಡುವೆ ಐದು ಹೆಜ್ಜೆ. ಅವನ ಎರಡೂ ಕೈಯಲ್ಲಿ ಒಂದೊಂದು ಮೀನು. ಆನೆ ಬೀಳಿಸುವ ರಿವಾಲ್ವರ್ ಕರಡಿಯ ಕಿವಿಯ ಪಕ್ಕ.

ನಸ್ತಾಸ್ಯಳ ರಿವಾಲ್ವರ್ ಆಗಲೇ ಕೈಗೆ ಬಂದಿತ್ತು. ಹೊಡೆದರೆ ಎರಡು ದಿನದ ಕೆಲಸ ಹೋಗಿ ಇನ್ನೂರು ಮೀನಿಗೂ ಹುಳ ಬೀಳುತ್ತದೆ. ಹೊಡೆಯದಿದ್ದರೆ ಅಳಿಯ ಹೋಗಬಹುದು. ಮೀನೋ ಅಳಿಯನೋ ಎಂದು ಅವಳು ನಿಜವಾಗಿಯೂ ಒಂದು ಕ್ಷಣ ತೂಗಿ ನೋಡಿದಳು. ಮಗಳು ಆರು ತಿಂಗಳ ಬಸುರಿ ಎಂಬುದು ನೆನಪಾಗಿ ತಕ್ಕಡಿ ಕೂದಲೆಳೆಯಷ್ಟು ಅಳಿಯನ ಕಡೆಗೆ ವಾಲಿತು. ರಿವಾಲ್ವರಿನ ಕುದುರೆ ಎಳೆದು ಗುರಿಯಿಟ್ಟಳು. ಆದರೂ ಮೊದಲು ಮಾತಾಡಿ ನೋಡೋಣವೆನ್ನಿಸಿತು.

"ದೊಡ್ಡಯ್ಯಾ, ಇವನು ಹೊರಗಿನೋನು. ಮಾತಾಡೋಕೆ ಯಾರೂ ಕಲಿಸಿಲ್ಲ. ಹೊಟ್ಟೆಗೆ ಹಾಕ್ಕೋ." ಮತ್ತೆ ಹಲ್ಲು ಕಚ್ಚಿ, "ತಪ್ಪಾಯ್ತು ಅನ್ನೋ!" ಎಂದಳು.

"ಯಾರಿಗೆ? ಕರ..."

"ಹೆಸರೆತ್ತಬೇಡ!"

"ತಪ್ಪಾಯ್ತು, ದೊಡ್ಡಯ್ಯಾ," ಎಂದ ಗಾರ್ತ್, ಎರಡೂ ಮೀನನ್ನು ಹಸುಗೂಸಿನಂತೆ ಎದೆಗವಚಿಕೊಂಡು.

ಕರಡಿ ಮೂಗೆತ್ತಿತು. ಗಳುವಿನ ಮೇಲೆ ಸಾಲಾಗಿ ತೂಗುತ್ತಿದ್ದ ಮೀನನ್ನೆಲ್ಲ ಬಿಟ್ಟು ಅದರ ಮೂಗು ಚರ್ಮದ ಪಟ್ಟಿಯ ಮೇಲೆ ನಿಂತಿತು. ಬೆಳಗಿನಿಂದ ನೂರು ಸಲ ಬಳಿದ ಲೋಳೆ ಅಲ್ಲಿ ಪದರಪದರವಾಗಿ ಹತ್ತಿತ್ತು. ಒಮ್ಮೆ ನೆಕ್ಕಿತು. ರುಚಿ ಹಿಡಿಸಿರಬೇಕು, ಮೊಳೆ ಸಮೇತ ಕಿತ್ತು ಬಾಯಲ್ಲಿ ಕಚ್ಚಿಕೊಂಡು ನದಿಗೆ ಇಳಿಯಿತು.

"ಅತ್ತೆ, ಅದು ನನ್ನ ರಿವಾಲ್ವರ್! ಹೊಡೀರಿ!"

"ಸುಲಿಯೋದು ಯಾರು?" ಗುರಿ ತಪ್ಪಿಸದೆಯೇ ನಸ್ತಾಸ್ಯ ನದಿಯತ್ತ ಕೂಗಿದಳು: "ಇವನು ಆಡಿದ ಮಾತಿಗೆ ಅದೇ ದಂಡ, ದೊಡ್ಡಯ್ಯಾ! ನಮ್ಮ ಋಣ ತೀರ್ತು. ಹೋಗಿ ಬಾ!" ಬಾಯಿತಪ್ಪಿ ಕರೆದದ್ದು ಹೊಳೆದು, "ಬರೋದೇನೂ ಬೇಡ" ಎಂದು ಸೇರಿಸಿದಳು.

ಕರಡಿ ಈಜತೊಡಗಿತು. ರಿವಾಲ್ವರ್ ತೂಗುತ್ತಿದ್ದ ಕಡೆಗೆ ಅದರ ತಲೆ ವಾಲಿತ್ತು. ಬೆಳಗಿನಿಂದ ಗಾರ್ತ್ ನಡೆದದ್ದೂ ಥೇಟ್ ಹಾಗೆಯೇ. ನಡುನದಿಯಲ್ಲಿ, ನೀರು ಕಪ್ಪಾಗಿ ಆಳವಾಗುವಲ್ಲಿ, ಅದು ಒಂದು ಸಲ ತಲೆ ಕೊಡವಿತು. ಪಟ್ಟಿ ಬಾಯಿಂದ ಜಾರಿ ಮುಳುಗಿತು. ಕರಡಿ ತಿರುಗಿಯೂ ನೋಡದೆ, ತಲೆ ನೆಟ್ಟಗೆ ಮಾಡಿಕೊಂಡು, ಹಗುರಾಗಿ ಆಚೆ ದಡಕ್ಕೆ ಸಾಗಿತು.

ನಸ್ತಾಸ್ಯ ಕುದುರೆ ಇಳಿಸಿ ರಿವಾಲ್ವರನ್ನು ಎದೆಯ ಚೀಲಕ್ಕೆ ಸೇರಿಸಿದಳು. ಅಳಿಯನ ತೋಳಿನಿಂದ ಒಂದು ಮೀನು ಬಿಡಿಸಿಕೊಂಡು ಹಲಗೆಯ ಮೇಲೆ ಚಾಚಿದಳು.

"ನೋಡಿದ್ಯಾ," ಎಂದಳು, "ಅದಕ್ಕೂ ಭಾರವಾಯ್ತು."