ಬೆಳಗಾವಿಯಿಂದ ಬೆಂಗಳೂರು... ಒಂದು ಗಂಟೆಯೋ, ಹತ್ತು ಗಂಟೆಯೋ?

ಬೆಳಗಾವಿಯ ವಡಗಾವಿಯಲ್ಲಿ ಮಗ್ಗ ನೇಯುವ ಅಡಿವೆಪ್ಪನದು ಬಾಂಬೆ ಬ್ಲಡ್ ಗ್ರೂಪ್... ಸಾವಿರಾರು ಜನರಲ್ಲಿ ಒಬ್ಬರಿಗೆ ಇರುವಂಥ ರಕ್ತ.

ರಕ್ತದಾನಿಗಳ ಪಟ್ಟಿಯಲ್ಲಿ ಹೆಸರಿದ್ದ ಅವನಿಗೆ ಒಂದು ಬೆಳಿಗ್ಗೆ ಬೆಂಗಳೂರಿನ ಆಸ್ಪತ್ರೆಯೊಂದರಿಂದ ಫೋನ್ ಬಂತು. ರೇಣುಕಾ ಎಂಬ ಬಾಣಂತಿಗೆ ಹೆರಿಗೆಯ ನಂತರ ರಕ್ತಸ್ರಾವ ನಿಲ್ಲುತ್ತಿಲ್ಲ, ಸಂಜೆಯೊಳಗೆ ಇದೇ ಗುಂಪಿನ ರಕ್ತ ಬೇಕೇ ಬೇಕು ಎಂದರು.

ಅಡಿವೆಪ್ಪ ಮಗ್ಗ ನಿಲ್ಲಿಸಿ ಹಾಗೇ ಎದ್ದ.

ರಸ್ತೆಯಲ್ಲಿ ಐನೂರು ಕಿಲೋಮೀಟರ್... ಬಸ್ಸಿಗೆ ಹತ್ತು ಗಂಟೆ ಬೇಕು. ವಿಮಾನಕ್ಕಾದರೆ ಒಂದು ಗಂಟೆ, ಮೇಲೆ ಸ್ವಲ್ಪ.

ಅಲ್ಲಿಯವರೆಗೂ ವಿಮಾನವನ್ನು ಆಕಾಶದಲ್ಲಷ್ಟೇ ನೋಡಿದ್ದ ಅವನು ಆಟೋ ಹಿಡಿದು ಏರ್‌ಪೋರ್ಟಿಗೆ ಓಡಿದ.

ಟಿಕೆಟ್ ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ ತಲೆಯಾಡಿಸಿದಳು. ಎಲ್ಲ ಸೀಟೂ ಫುಲ್. ಇನ್ನೊಂದು ಫ್ಲೈಟ್ ಇರುವುದು ನಾಳೆಯೇ.

ಅವನು ಪರಿಪರಿಯಾಗಿ ಬೇಡಿಕೊಂಡ. ಆಸ್ಪತ್ರೆಯ ಹೆಸರು ಹೇಳಿದ, ಬಾಣಂತಿಯ ಹೆಸರೂ ಹೇಳಿದ. ಹುಡುಗಿ ಇನ್ನೊಮ್ಮೆ ಕಂಪ್ಯೂಟರ್ ನೋಡಿದಳು... ಆದರೆ ಇಲ್ಲದ ಸೀಟನ್ನು ಅವಳಾದರೂ ಎಲ್ಲಿಂದ ತರಬೇಕು?

ಒಳಗೆ ಹೋಗುವ ದಾರಿ ಕೇಳಲು ಬಂದ ಅರವತ್ತರ ಹೆಂಗಸೊಬ್ಬಳು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಒಂದು ಕ್ಷಣ ಕಣ್ಣು ಮುಚ್ಚಿದಳು... ಆಮೇಲೆ ತನ್ನ ಟಿಕೆಟನ್ನು ಕೌಂಟರಿನ ಮೇಲಿಟ್ಟಳು.

"ನಂದು ಕ್ಯಾನ್ಸಲ್ ಮಾಡಿ ಆ ಸೀಟ್ ಇವರಿಗೆ ಕೊಡ್ರಿ."

ಅಡಿವೆಪ್ಪನಿಗೆ ನಂಬಲಾಗಲಿಲ್ಲ. "ಅವ್ವಾರ, ನಿಮಗ ಹೋಗೂದು ಅರ್ಜಂಟ್ ಇಲ್ಲೇನ್ರಿ?"

"ನಾ ನಾಳೆ ಮುಟ್ಟಿದ್ರೂ ನಡೀತೈತಿ. ನೀವು ಹೊಂಡ್ರಿ."

ಹೆಸರು ಕೇಳುವಷ್ಟೂ ಸಮಯವಿರಲಿಲ್ಲ. ಕೈಮುಗಿದು ಓಡಿದ.

ವಿಮಾನ ಸಮಯಕ್ಕೆ ಸರಿಯಾಗಿ ಇಳಿಯಿತು. ಆಸ್ಪತ್ರೆ ಮುಟ್ಟಿ ರಕ್ತ ಕೊಟ್ಟ. ಕತ್ತಲಾಗುವ ಮುಂಚೆ ಡಾಕ್ಟರೇ ಬಂದು ಹೇಳಿದರು... ತಾಯಿಯ ಜೀವಕ್ಕೆ ಇನ್ನು ಅಪಾಯವಿಲ್ಲ, ಮಗುವೂ ಚೆನ್ನಾಗಿದೆ.

ಮರುದಿನ ಬೆಳಿಗ್ಗೆ ಊರಿಗೆ ಹೊರಡುವ ಮುಂಚೆ ಬಾಣಂತಿಯನ್ನು ಒಮ್ಮೆ ನೋಡಿ ಹೋಗೋಣವೆಂದು ವಾರ್ಡಿಗೆ ಹೋದ.

ಬಾಗಿಲಲ್ಲೇ ನಿಂತುಬಿಟ್ಟ.

ಏರ್‌ಪೋರ್ಟಿನ ಆ ಹೆಂಗಸು ರೇಣುಕಾಳ ತಲೆ ನೇವರಿಸುತ್ತ ಕುಳಿತಿದ್ದಳು... ಹತ್ತು ಗಂಟೆ ಬಸ್ಸಿನಲ್ಲಿ ಕುಳಿತು ಬಂದ ಸೀರೆ ಮುದುಡಿತ್ತು.

ಅವಳ ಹೆಸರು ಕಾಶವ್ವ. ರೇಣುಕಾಳ ಹೆತ್ತ ತಾಯಿ.

ಮಗಳು ಸಾವು ಬದುಕಿನ ನಡುವೆ ಇದ್ದಾಳೆಂದು ತಿಳಿದ ಕೂಡಲೇ ಅಳಿಯ ವಿಮಾನದ ಕೊನೆಯ ಸೀಟನ್ನು ಅತ್ತೆಗೆ ಬುಕ್ ಮಾಡಿದ್ದ. ಆ ಸೀಟನ್ನೇ ಅವಳು ಬಿಟ್ಟುಕೊಟ್ಟಿದ್ದಳು.

"ನಿನ್ನೆ ಯಾಕ್ ಹೇಳಲಿಲ್ರೀ ಅವ್ವಾರ?" ಅಡಿವೆಪ್ಪ ಕೇಳಿದ.

"ಹೇಳಿದ್ರ ನೀವು ನನ್ನ ಸೀಟ್ ತಗೋತಿರಲಿಲ್ಲ. ನಾ ಮೊದಲ ಮುಟ್ಟಿದ್ರ ಮಗಳ ಮುಂದ ಕುಂತು ಅಳತಿದ್ನಿ, ಅಷ್ಟ... ನೀವು ಮುಟ್ಟಿದ್ರಿ, ಆಕಿ ಉಳದಳು."

ಬಾಣಂತಿಗೆಂದು ಕಟ್ಟಿಕೊಂಡು ಬಂದಿದ್ದ ಅಂಟಿನ ಉಂಡಿಯ ಡಬ್ಬಿ ಬಿಚ್ಚಿ, ಮೊದಲ ಉಂಡಿಯನ್ನು ಅವನ ಕೈಗಿಟ್ಟಳು.

"ತಿನ್ರಿ. ರಕ್ತ ಕೊಟ್ಟ ಮೈಗೂ ಬಲ ಬೇಕು."

ಅವನು ಕಣ್ಣೊರೆಸಿಕೊಂಡು ಬಾಯಿಗೆ ಹಾಕಿಕೊಂಡ.

ನಾವು ಸಮಯಕ್ಕೆ ಸರಿಯಾಗಿ ತಲುಪಿದ ಎಷ್ಟೋ ಪಯಣಗಳ ಹಿಂದೆ, ನಮಗೆ ದಾರಿ ಬಿಟ್ಟು ತಾವು ತಡವಾಗಿ ಹೊರಟವರು ಇರುತ್ತಾರೆ.

ನಿಮಗಾಗಿ ಹಾಗೆ ತಡವಾಗಿ ಹೊರಟವರು ಯಾರು...? ಅವರಿಗೊಂದು ಥ್ಯಾಂಕ್ಸ್ ಹೇಳಿ ಎಷ್ಟು ದಿನವಾಯಿತು?